ಪಕ್ಕದ ಹೋಂಸ್ಟೇ ಡಿಜೆ: ರಾತ್ರಿ ಎಷ್ಟು ಗಂಟೆಯವರೆಗೆ?

ಮಡಿಕೇರಿಯ ನಿಮ್ಮ ಮನೆಯ ಪಕ್ಕದ ಹೋಂಸ್ಟೇಯಲ್ಲಿ ಶನಿವಾರ ಹನ್ನೆರಡರವರೆಗೂ ಡಿಜೆ ಹಾಕುತ್ತಾರೆ, ‘ಅನುಮತಿ ಇದೆ’ ಎನ್ನುತ್ತಾರೆ ಎಂದು ಬರೆದಿದ್ದೀರಿ. ಹಾಗಾದರೆ ಆ ಪತ್ರವನ್ನು ತೋರಿಸಲಿ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಅದಿದ್ದರೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತಿಲ್ಲ. ವಿನಾಯಿತಿ ಇರುವುದು ಸಭಾಂಗಣದಂಥ ಮುಚ್ಚಿದ ಜಾಗಕ್ಕೆ. ಕಾಫಿ ಗಿಡಗಳ ನಡುವೆ ಬೆಂಕಿ ಹಾಕಿ ಕುಣಿಯುವ ಅಂಗಳ ಸಭಾಂಗಣವಲ್ಲ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್, ಅಂದರೆ ಮೆಲುಮಾತಿನ ಆಸುಪಾಸು.

ಮಡಿಕೇರಿ ದಸರಾದ ಮಂಟಪಗಳ ಮೆರವಣಿಗೆಯ ರಾತ್ರಿಯನ್ನು ಇದಕ್ಕೆ ಹೋಲಿಸಬೇಡಿ. ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರ್ಕಾರಕ್ಕಿದೆ, ಹೋಂಸ್ಟೇ ಮಾಲೀಕರಿಗಲ್ಲ.

ಸದ್ದು ನಡೆಯುತ್ತಿರುವಾಗಲೇ 112ಕ್ಕೆ ಕರೆ ಮಾಡಿ. ಬೆಳಿಗ್ಗೆ ಹೇಳಿದರೆ ಪೊಲೀಸರಿಗೆ ಕಾಣುವುದು ಖಾಲಿ ಕುರ್ಚಿಗಳು ಮಾತ್ರ. ಗಡಿಯಾರ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಮತ್ತೆ ಮರುಕಳಿಸಿದರೆ ಡಿವೈಎಸ್‌ಪಿಗೋ ಜಿಲ್ಲಾಧಿಕಾರಿಗೋ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಪ್ರವಾಸೋದ್ಯಮ ಇಲಾಖೆಗೂ ಹೋಗಲಿ. ನೋಂದಣಿಯ ಮಾತು ಬಂದಾಗ ಮಾಲೀಕರ ಕಿವಿ ಬೇಗ ಚುರುಕಾಗುತ್ತದೆ.