ಡಿಸೆಂಬರ್‌ನಲ್ಲಿ ಕೊಂಡ ಡೆಂಟಲ್ ಚೇರ್: ಪೂರ್ತಿ ಖರ್ಚು ಈ ವರ್ಷವೇ ತೋರಿಸಬಹುದಾ?

ಡಾಕ್ಟ್ರೇ, ನಮಸ್ಕಾರ. 2025ರ ಡಿಸೆಂಬರ್‌ನಲ್ಲಿ 4 ಲಕ್ಷಕ್ಕೆ ಚೇರ್ ಕೊಂಡಿದ್ದೀರಿ, ಕ್ಲಿನಿಕ್‌ಗೆ ವರ್ಷಕ್ಕೆ 38 ಲಕ್ಷ ಬರುತ್ತೆ ಅಂದಿದ್ದೀರಿ. ಪೂರ್ತಿ 4 ಲಕ್ಷ ಒಂದೇ ವರ್ಷ ಕಳೆಯೋಕೆ ಆಗಲ್ಲ. ಚೇರ್‌ಗೆ ಸವಕಳಿ, ಅಂದರೆ ಬಳಕೆಯಿಂದ ಬೆಲೆ ಇಳಿಯುತ್ತೆ ಅಂತ ವರ್ಷವರ್ಷ ಖರ್ಚಾಗಿ ಕಳೆಯುವ ಭಾಗ, 15%. ಮಾರ್ಚ್ 31ಕ್ಕೆ 180 ದಿನ ತುಂಬದ ಕಾರಣ ಈ ವರ್ಷ (2025-26) ಅರ್ಧ ಮಾತ್ರ, ಅಂದರೆ 30,000. ಮುಂದಿನ ವರ್ಷ ಉಳಿದ 3,70,000ದ ಮೇಲೆ 15%.

ಆದರೆ ಮೊದಲು ನೋಡಬೇಕಾದ್ದು ಬೇರೆ. ಆದಾಯ ತೆರಿಗೆ ಕಾಯ್ದೆಯ 44ಎಡಿಎ (ನಿಜವಾದ ಖರ್ಚಿನ ಲೆಕ್ಕ ಕೊಡದೆ, ಬಂದ ಹಣದ ಅರ್ಧವನ್ನು ಆದಾಯ ಅಂತ ತೋರಿಸುವ ವಿಧಾನ) ಪ್ರಕಾರ ತೆರಿಗೆ ಕಟ್ಟಿದರೆ 38 ಲಕ್ಷದಲ್ಲಿ ಅರ್ಧ, 19 ಲಕ್ಷ, ನಿಮ್ಮ ಆದಾಯ. ಲೆಕ್ಕಪುಸ್ತಕದ ತಲೆನೋವಿಲ್ಲ. ಆದರೆ ಸವಕಳಿಯೂ ಅದರಲ್ಲೇ ಸೇರಿ ಹೋಯಿತು, ಬೇರೆ ಕೇಳುವಂತಿಲ್ಲ. ಬಾಡಿಗೆ, ಸಹಾಯಕಿಯ ಸಂಬಳ, ಲ್ಯಾಬ್ ಬಿಲ್, ಮೆಟೀರಿಯಲ್ ಎಲ್ಲಾ ಕೂಡಿ ನೋಡಿ. ಖರ್ಚು 24 ಲಕ್ಷ ದಾಟಿದರೆ ನಿಜವಾದ ಲೆಕ್ಕವೇ ಲಾಭ, ಆಡಿಟ್ ಮಾಡಿಸಬೇಕಾದರೂ ಸರಿ. 19ರ ಆಸುಪಾಸಿನಲ್ಲೇ ಇದ್ದರೆ ಸುಮ್ನೆ 44ಎಡಿಎ ಹಿಡಿಯಿರಿ.

ಚೇರ್‌ಗೆ ನಗದು ಕೊಟ್ಟಿಲ್ಲ ಅಲ್ವಾ? ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಮೊತ್ತ ಬೆಲೆಯಲ್ಲಿ ಸೇರಲ್ಲ. ಕ್ರೌನ್ ಮಾಡಿಕೊಡುವ ಲ್ಯಾಬ್‌ಗೂ ಇದೇ ಮಿತಿ. ನಮ್ಮಕ್ಕನ ಕ್ಲಿನಿಕ್ ಲೆಕ್ಕ ಬರೆಯೋದು ನಾನೇ. ಒಮ್ಮೆ ಲ್ಯಾಬ್‌ನ ಹುಡುಗನ ಕೈಗೆ ಒಟ್ಟಿಗೆ 14,000 ಕೊಟ್ಟು ಆ ಖರ್ಚು ಪೂರ್ತಿ ಹೋಯಿತು. ಆಮೇಲಿಂದ ಎಲ್ಲಾ ಯುಪಿಐ.

ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಚೇರ್‌ಗೆ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗಲ್ಲ. ಅದನ್ನೂ ಬೆಲೆಗೆ ಸೇರಿಸಿಕೊಂಡೇ ಸವಕಳಿ ಹಾಕಿ.