ಮಗು ನೋಡಿಕೊಳ್ಳುವವರು ಕಾರು ಓಡಿಸಿದರೆ ವಿಮೆ ಸಿಗುತ್ತದೆಯೇ?

ಪ್ರಶ್ನೆ: ನಾನು, ನನ್ನ ಯಜಮಾನರು ಇಬ್ಬರೂ ಕೆಲಸಕ್ಕೆ ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತೇವೆ. ಐದು ವರ್ಷದ ಮಗಳನ್ನು ನೋಡಿಕೊಳ್ಳಲು ಶಿರಾ ಕಡೆಯವರೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ಅವರಿಗೆ ಲೈಸೆನ್ಸ್ ಇದೆ. ಇನ್ನು ಮುಂದೆ ನಮ್ಮ ಕಾರಿನಲ್ಲೇ ಮಗಳನ್ನು ಸ್ಕೂಲಿಗೆ ಬಿಟ್ಟು ಕರೆತರಲಿ ಅಂದುಕೊಂಡಿದ್ದೇವೆ. ಪಾಲಿಸಿ ಯಜಮಾನರ ಹೆಸರಲ್ಲಿದೆ. ಇವರ ಹೆಸರನ್ನೂ ಸೇರಿಸಬೇಕೆ? ಏಜೆಂಟರು ‘ಏನೂ ಬೇಡ ಮೇಡಂ’ ಅನ್ನುತ್ತಾರೆ.
– ಓದುಗರು, ಎಸ್.ಎಸ್. ಪುರಂ, ತುಮಕೂರು

ಉತ್ತರ: ಏಜೆಂಟರು ಹೇಳಿದ್ದು ಅರ್ಧ ಸರಿ. ನಮ್ಮ ದೇಶದಲ್ಲಿ ವಿಮೆ ಇರುವುದು ಕಾರಿಗೆ. ಮಾಲೀಕರ ಒಪ್ಪಿಗೆಯಿಂದ, ಸರಿಯಾದ ಲೈಸೆನ್ಸ್ ಇರುವ ಯಾರು ಓಡಿಸಿದರೂ ಕಾರಿನ ರಿಪೇರಿಗೂ ಎದುರಿನವರ ಪರಿಹಾರಕ್ಕೂ ಪಾಲಿಸಿ ಅನ್ವಯಿಸುತ್ತದೆ. ಅದಕ್ಕಾಗಿ ಹೆಸರು ಸೇರಿಸಬೇಕಿಲ್ಲ.

ಆದರೆ ಆ ‘ಸರಿಯಾದ ಲೈಸೆನ್ಸ್’ ಅನ್ನುವುದನ್ನು ನೀವೇ ಕಣ್ಣಾರೆ ನೋಡಬೇಕು. ಕಾರ್ಡನ್ನು ಕೈಗೆ ತೆಗೆದುಕೊಂಡು ವಾಹನದ ವರ್ಗ ಬರೆದಿರುವ ಜಾಗ ಓದಿ. ‘ಎಲ್‌ಎಂವಿ’ (ಲೈಟ್ ಮೋಟಾರ್ ವೆಹಿಕಲ್, ಅಂದರೆ ಕಾರಿನಂಥ ಲಘು ವಾಹನ) ಎಂದಿರಬೇಕು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಕಾರ್ಡಿನಲ್ಲಿ ಇರುವುದು ಗೇರಿಲ್ಲದ ಸ್ಕೂಟರ್ ಒಂದೇ. ‘ಲೈಸೆನ್ಸ್ ಇದೆ’ ಅನ್ನುವ ಮಾತು ಸುಳ್ಳಲ್ಲ, ಆದರೆ ಅದು ಕಾರಿನದಲ್ಲ. ನನ್ನ ಹತ್ತಿರ ಬಂದ ಒಂದು ಕುಟುಂಬಕ್ಕೆ ಇದು ಗೊತ್ತಾಗಿದ್ದು ಅಪಘಾತವಾಗಿ, ವಿಮಾ ಕಂಪನಿಯ ಪರವಾಗಿ ನಷ್ಟ ನೋಡಲು ಬಂದ ಸರ್ವೇಯರ್ ಲೈಸೆನ್ಸ್ ಪ್ರತಿ ಕೇಳಿದ ದಿನ. ಕಾರಿನ ಕ್ಲೇಮು ಅಲ್ಲೇ ನಿಂತಿತು. ಇಂಥ ಪ್ರಕರಣಗಳಲ್ಲಿ ಎದುರಿನವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟರೂ ಆಮೇಲೆ ಆ ಹಣವನ್ನು ಮಾಲೀಕರಿಂದಲೇ ವಸೂಲು ಮಾಡಬಹುದು. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟ ತಪ್ಪಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು ಕೂಡ ಆಗಬಹುದು. ಕಾರ್ಡಿನ ಅವಧಿ ಮುಗಿದಿಲ್ಲವೇ ಅನ್ನುವುದನ್ನೂ ನೋಡಿ.

ಏಜೆಂಟರು ಹೇಳದೆ ಬಿಟ್ಟ ಇನ್ನರ್ಧ ನನಗೆ ಹೆಚ್ಚು ಮುಖ್ಯ. ಅಪಘಾತದಲ್ಲಿ ಮಗು ನೋಡಿಕೊಳ್ಳುವವರಿಗೇ ಪೆಟ್ಟಾದರೆ? ಪಾಲಿಸಿಯಲ್ಲಿ ಕಾಣುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರದು. ನಿಮ್ಮ ಮಗುವನ್ನು ಕೂರಿಸಿಕೊಂಡು ಬಿ.ಎಚ್. ರಸ್ತೆಯ ಗದ್ದಲದಲ್ಲಿ ಓಡಾಡುವ ಆ ಹೆಣ್ಣುಮಗಳಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ.

ಪಾಲಿಸಿಯಲ್ಲಿ ಪ್ರೀಮಿಯಂ ಲೆಕ್ಕದ ಪಟ್ಟಿ ಇರುತ್ತದಲ್ಲ, ಅದರ ‘ಲಯಬಿಲಿಟಿ’ ಭಾಗ ನೋಡಿ. ಸಂಬಳದ ಡ್ರೈವರಿಗೆ ಪೆಟ್ಟಾದರೆ ಮಾಲೀಕರು ಕೊಡಬೇಕಾದ ಪರಿಹಾರವನ್ನು ಕಂಪನಿ ಭರಿಸುವ ‘ಐಎಂಟಿ 28’ ಎಂಬ ಸಾಲು ಇರುತ್ತದೆ. ಅದು ಇದ್ದ ಮಾತ್ರಕ್ಕೆ ಸುಮ್ಮನಾಗಬೇಡಿ. ಇವರನ್ನು ನೀವು ಇಟ್ಟುಕೊಂಡಿರುವುದು ಮಗು ನೋಡಿಕೊಳ್ಳಲು, ಕಾರು ಓಡಿಸಲು ಅಲ್ಲ. ತಕರಾರು ಏಳುವುದೇ ಅಲ್ಲಿ. ಡ್ರೈವರ್ ಅಲ್ಲದ ಕೆಲಸದವರು ಮಾಲೀಕರ ಕಾರು ಓಡಿಸಿದರೆ ಅಥವಾ ಅದರಲ್ಲಿ ಕೂತು ಹೋದರೆ ಅನ್ವಯಿಸುವುದು ‘ಐಎಂಟಿ 29’. ಮೋಟಾರ್ ವಿಮೆಯ ದರಪಟ್ಟಿಯಲ್ಲಿ (ಟ್ಯಾರಿಫ್) ಒಬ್ಬರಿಗೆ ವರ್ಷಕ್ಕೆ 50 ರೂಪಾಯಿ, ತೆರಿಗೆ ಬೇರೆ. ಇದನ್ನು ಹೆಸರು ಹಿಡಿದೇ ಕೇಳಿ. ಹಾಗೆಯೇ ಅವರ ಬ್ಯಾಂಕ್ ಖಾತೆಯಿಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ: ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಆ ಹಣ ನೀವೇ ಕೊಡಿ, ಸಂಬಳದಲ್ಲಿ ಹಿಡಿಯಬೇಡಿ.

ಇನ್ನೊಂದು ಮಾತು. ಪಕ್ಕದ ಮನೆಯವರು ‘ನಮ್ಮ ಮಗುವನ್ನೂ ಕರಕೊಂಡು ಹೋಗಲಿ, ತಿಂಗಳಿಗೆ ಇಷ್ಟು ಕೊಡ್ತೀವಿ’ ಅಂದರೆ ಒಪ್ಪಬೇಡಿ. ದುಡ್ಡು ತೆಗೆದುಕೊಂಡರೆ ಅದು ಬಾಡಿಗೆ ಓಡಾಟವಾಗುತ್ತದೆ, ಸ್ವಂತ ಬಳಕೆಯ ಪಾಲಿಸಿ ಅದಕ್ಕೆ ಬರುವುದಿಲ್ಲ. ಸುಮ್ಮನೆ ಜೊತೆಗೆ ಕೂರಿಸಿಕೊಂಡು ಹೋದರೆ ತೊಂದರೆಯಿಲ್ಲ.

ಏನಾದರೂ ತಗುಲಿದರೆ ಕ್ಲೇಮ್ ಫಾರಂನಲ್ಲಿ ಓಡಿಸಿದವರ ಹೆಸರು ಅಂತ ಇರುವ ಕಡೆ ಅವರ ಹೆಸರನ್ನೇ ಬರೆಯಿರಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಯಾರ ಹೆಸರು ಬರೆದರೂ ಹೋಗುತ್ತದೆ. ಯಜಮಾನರ ಹೆಸರು ಬರೆದು ಸಿಕ್ಕಿಬಿದ್ದರೆ ಕ್ಲೇಮೇ ಹೋಗುತ್ತದೆ.

ರಿನ್ಯೂವಲ್‌ವರೆಗೆ ಕಾಯದೆ ಈಗಲೇ ಐಎಂಟಿ 29ರ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ತಿದ್ದುಪಡಿ ಪತ್ರ) ಕೇಳಿ. ಆ ಕಾಗದ ಕೈಗೆ ಬಂದ ಮೇಲೆ ಕಾರಿನ ಕೀ ಕೊಡಿ.