ಹಳೆಯ ಅಮಿಗಾ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಒಟ್ಟಿಗೆ ಓಡುತ್ತಿದ್ದದ್ದು ಹೇಗೆ?

ಒಳಗೆ ನಿಜಕ್ಕೂ ಎರಡು ಕಂಪ್ಯೂಟರ್ ಇರುತ್ತಿದ್ದವು, ಅದಕ್ಕೇ. 1987ರಲ್ಲಿ ಬಂದ ಕಮೊಡೋರ್ ಕಂಪನಿಯ ಅಮಿಗಾ 2000ಕ್ಕೆ ಬ್ರಿಜ್‌ಬೋರ್ಡ್ ಅನ್ನೋ ಕಾರ್ಡ್ ಸಿಗುತ್ತಿತ್ತು. ಅಮಿಗಾದ ಸ್ವಂತ ಪ್ರೊಸೆಸರ್ ಮೊಟೊರೋಲಾ 68000. ಕಾರ್ಡಿನ ಮೇಲೆ ಬೇರೆಯೇ ಒಂದು ಇಂಟೆಲ್ 8088, ಅದಕ್ಕೆ ಅದರದ್ದೇ ಮೆಮೊರಿ. ಅಂದರೆ ಐಬಿಎಂ ಮಾದರಿಯ ಇಡೀ ಪಿಸಿಯೇ ಅಲ್ಲಿ ಕೂತಿತ್ತು. ಅಂಥ ಪಿಸಿಗಳ ಆಪರೇಟಿಂಗ್ ಸಿಸ್ಟಂ ಆದ ಎಂಎಸ್-ಡಾಸ್ ಓಡುತ್ತಿದ್ದದ್ದು ಅದರಲ್ಲಿ. ಹಾಗಾಗಿ ಅಮಿಗಾದ ಕೆಲಸ ನಿಲ್ಲಬೇಕಿರಲಿಲ್ಲ.

ಮತ್ತೆ ಎರಡೂ ಮಾತಾಡಿಕೊಳ್ಳಬೇಕಲ್ವಾ? ನನಗೆ ತುಂಬಾ ಇಷ್ಟವಾಗೋದು ಇದೇ. ಕಾರ್ಡಿನ ಒಂದಿಷ್ಟು ಮೆಮೊರಿಯನ್ನು ಎರಡೂ ಪ್ರೊಸೆಸರ್‌ಗಳು ಓದಬಹುದಿತ್ತು, ಬರೆಯಬಹುದಿತ್ತು. ಅಕ್ಕಪಕ್ಕದ ಎರಡು ಮನೆಗೂ ಬಾಗಿಲಿರುವ ಒಂದು ಕೋಣೆ ಅಂದುಕೊಳ್ಳಿ. ಡಾಸ್ ಒಂದು ಅಕ್ಷರವನ್ನು ಪರದೆಗೆ ಅಂತ ಬರೆದರೆ ಅದು ಹೋಗಿ ಬೀಳುತ್ತಿದ್ದದ್ದು ಆ ಕೋಣೆಗೆ. ಅಮಿಗಾ ಅಲ್ಲಿ ಇಣುಕಿ ನೋಡಿ, ಅದನ್ನು ತನ್ನ ವಿಂಡೋವೊಂದರಲ್ಲಿ ಬಿಡಿಸುತ್ತಿತ್ತು. ಆ ವಿಂಡೋದಲ್ಲಿ ನೀವು ಒತ್ತಿದ ಕೀ ಕೂಡ ಅಮಿಗಾ ಮೂಲಕವೇ ಡಾಸ್‌ಗೆ ತಲುಪುತ್ತಿತ್ತು. ಪಕ್ಕದ ವಿಂಡೋದಲ್ಲಿ ಅಮಿಗಾದ ಪ್ರೋಗ್ರಾಂ ತನ್ನ ಪಾಡಿಗೆ ಓಡುತ್ತಲೇ ಇರುತ್ತಿತ್ತು.